ಬೆಳಕಿನಲ್ಲಿ ಬಿಸಿಯನ್ನು ಓದಿದವರು

ಕುಲುಮೆಯಲ್ಲಿ ಕಾದ ಕಬ್ಬಿಣದ ಬಣ್ಣವನ್ನು ನೋಡಿಯೇ ಅದು ಬಡಿಯುವ ಹದಕ್ಕೆ ಬಂದಿತೋ ಇಲ್ಲವೋ ಎಂಬುದನ್ನು ಕಮ್ಮಾರನು ಹೇಳಬಲ್ಲನು. ಕಣ್ಣಿನ ಈ ಅಂದಾಜನ್ನು ಅಂಕಿಗಿಳಿಸುವುದು ಭೌತಶಾಸ್ತ್ರದ ಕೆಲಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ತರುಣರಿಗೆ ಈ ವಿದ್ಯೆಯ ಹತ್ತಿರದ ದೊಡ್ಡ ಮನೆ ಬಹುಕಾಲ ಧಾರವಾಡವೇ ಆಗಿತ್ತು.

ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡು ಬಳಿಕ ಧಾರವಾಡಕ್ಕೆ ಬಂದಿತು. 1954ರಿಂದ 1967ರವರೆಗೆ ಅದರ ಕುಲಪತಿಗಳಾಗಿದ್ದ ಡಾ. ಡಿ. ಸಿ. ಪಾವಟೆಯವರು ಬೆಳಗಾವಿ ಜಿಲ್ಲೆಯವರೇ. ಕೇಂಬ್ರಿಜ್ಜಿನಲ್ಲಿ ಗಣಿತವನ್ನು ಕಲಿತವರು. ಮೊದಲು ಮುಂಬಯಿಯಲ್ಲಿ ಸಂಶೋಧನೆ ನಡೆಸಿದ್ದ ಪ್ರೊ. ಎನ್. ಆರ್. ತಾವಡೆಯವರು 1960ರ ದಶಕದಲ್ಲಿ ಇಲ್ಲಿಯ ಭೌತಶಾಸ್ತ್ರ ವಿಭಾಗದಲ್ಲಿ ಶಿಷ್ಯರೊಡನೆ ಅಣುಗಳ ರೋಹಿತವನ್ನು ಅಭ್ಯಸಿಸಿದರು.

ಕಾದ ಅನಿಲದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಪಟ್ಟೆಪಟ್ಟೆಯಾಗಿ ಬಿಡಿಸಿಕೊಳ್ಳುತ್ತದೆ. ಒಂದೊಂದು ಪಟ್ಟೆಯ ಪ್ರಖರತೆಗೂ ಮುಖ್ಯವಾಗಿ ಎರಡು ಕಾರಣಗಳು: ಮೇಲಿನ ಶಕ್ತಿಯ ಮೆಟ್ಟಿಲಲ್ಲಿ ಎಷ್ಟು ಅಣುಗಳಿವೆ, ಮತ್ತು ಅಲ್ಲಿಂದ ಕೆಳಗಿನ ಮೆಟ್ಟಿಲಿಗೆ ಅವು ಇಳಿಯುವ ಸಂಭವವೆಷ್ಟು. ಮೊದಲನೆಯದು ಉಷ್ಣತೆಯನ್ನು ಅವಲಂಬಿಸಿದೆ. ಎರಡನೆಯದನ್ನು ಲೆಕ್ಕ ಹಾಕಿಟ್ಟುಕೊಂಡರೆ, ಉಷ್ಣಮಾಪಕವನ್ನು ತಾಗಿಸದೆಯೇ ಜ್ವಾಲೆಯ ಬಿಸಿಯನ್ನು ತಿಳಿಯಬಹುದು. ಯಾರ ಕೈಗೂ ಎಟುಕದ ನಕ್ಷತ್ರದ ಬಿಸಿಯನ್ನೂ ತಿಳಿಯಬಹುದು. ಈ ಎರಡನೆಯ ಲೆಕ್ಕವೇ ಧಾರವಾಡದಲ್ಲಿ ನಡೆದ ಕೆಲಸದ ಒಂದು ಮುಖ್ಯ ಭಾಗವಾಗಿತ್ತು.

ಇಂಥ ಸಂಶೋಧನೆಯಿಂದ ತರಗತಿಗೇನು ಲಾಭ? ಸೋಡಿಯಂ ದೀಪದ ಹಳದಿ ಬೆಳಕು ಬರಿಗಣ್ಣಿಗೆ ಒಂದೇ ಬಣ್ಣ. ಒಳ್ಳೆಯ ರೋಹಿತದರ್ಶಕದಲ್ಲಿ ಅದು 5890 ಮತ್ತು 5896 ಆಂಗ್‌ಸ್ಟ್ರಾಮ್‌ಗಳ ಎರಡು ಗೆರೆಗಳಾಗಿ ಒಡೆದು ತೋರುತ್ತದೆ. ಪುಸ್ತಕದಲ್ಲಿ ಇದನ್ನು ಓದಿದವನು ಉತ್ತರ ಬರೆದಾನು. ಕಣ್ಣಾರೆ ಕಂಡವನು ಮರೆಯಲಾರನು. ಮೂರು ಸಲ ಅಳೆದರೆ ಮೂರು ಅಂಕಿಗಳು ಬರುವುದುಂಟು. ಆ ವ್ಯತ್ಯಾಸವನ್ನು ಮುಚ್ಚಿಡದೆ ಬರೆದಿಡಬೇಕೆಂಬುದನ್ನು, ಸ್ವತಃ ಅಳೆದು ಬಳಲಿದ ಗುರುವಿನಷ್ಟು ಚೆನ್ನಾಗಿ ಬೇರೆ ಯಾರು ಕಲಿಸಿಯಾರು?

2010ರಲ್ಲಿ ಕಿತ್ತೂರಿನ ರಾಣಿ ಚನ್ನಮ್ಮನ ಹೆಸರಿನಲ್ಲಿ ಬೆಳಗಾವಿಯಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ಈ ತಾಲೂಕುಗಳು ಅದರ ವ್ಯಾಪ್ತಿಗೆ ಬಂದವು. ಮನೆ ಬದಲಾದರೂ ಪ್ರಶ್ನೆ ಬದಲಾಗದು. ವಿಭಾಗವು ದೊಡ್ಡದಾದಂತೆ ಪ್ರಬಂಧಗಳ ಎಣಿಕೆಗೆ ಬೆಲೆ ಬಂದು, ಪ್ರಯೋಗಶಾಲೆಯ ಪಾಠವು ಯಾರೋ ಮುಗಿಸಬೇಕಾದ ಕೆಲಸವಾಗಿ ಉಳಿಯುವ ಅಪಾಯವುಂಟು. ಅಲ್ಲಿ ಕಲಿತವರಲ್ಲಿ ಹಲವರು ನಾಳೆ ರಾಮದುರ್ಗದಲ್ಲೋ ಬೈಲಹೊಂಗಲದಲ್ಲೋ ಶಿಕ್ಷಕರಾಗುವವರು. ಅಳೆಯದೆ ಅಂಕಿ ತುಂಬುವುದನ್ನು ಅವರು ಕಲಿತು ಬಂದರೆ, ಅವರ ಮಕ್ಕಳೂ ಅದನ್ನೇ ಕಲಿಯುವರು. ಒಂದು ವಿಭಾಗದ ಹಿರಿಮೆಯನ್ನು ಅದರ ಗ್ರಂಥಾಲಯದಲ್ಲಿ ನೋಡಿದರೆ ಸಾಲದು. ಹಳ್ಳಿಯ ಹೈಸ್ಕೂಲಿನಲ್ಲಿ ಬೀಗ ತೆಗೆದಿರುವ ಪ್ರಯೋಗದ ಕಪಾಟಿನಲ್ಲಿಯೂ ನೋಡಬೇಕು.