ಧಾರಾವಾಹಿ ಮುಗಿದ ಮೇಲಿನ ಮಾತು

ಧಾರಾವಾಹಿ ನೋಡುವವರನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಹಗುರವಾಗಿ ಕಾಣುವುದು ನಮ್ಮಲ್ಲಿ ರೂಢಿಯಾಗಿದೆ. ಆರೋಗ್ಯದ ಪ್ರಸ್ತಾಪ ಬಂದರಂತೂ ಟಿ.ವಿ.ಯೇ ಮೊದಲ ಅಪರಾಧಿ. ಈ ತೀರ್ಪನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ನೋಡುವುದಕ್ಕಿಂತಲೂ, ಒಬ್ಬೊಬ್ಬರೇ ನೋಡಿ ಮೌನವಾಗಿ ಎದ್ದುಹೋಗುವುದೇ ಹೆಚ್ಚಿನ ಕೇಡು ಎಂಬುದು ನಮ್ಮ ಅಭಿಪ್ರಾಯ.

1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಆರಂಭವಾದಾಗ ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಟಿ.ವಿ. ಇದ್ದ ಮನೆಗಳು ವಿರಳ. ಭಾನುವಾರ ಬೆಳಿಗ್ಗೆ ಅಂಥ ಮನೆಯ ಪಡಸಾಲೆ ನೆರೆಹೊರೆಯವರಿಂದ ತುಂಬುತ್ತಿತ್ತು. ಭಾಷೆ ಹಿಂದಿಯಾದ್ದರಿಂದ ತಿಳಿದವರು ತಿಳಿಯದವರಿಗೆ ಹೇಳುತ್ತಿದ್ದರು. 1998ರಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಬಂದಾಗ ಅದರ ಪಾತ್ರಗಳು ನೆಂಟರಂತೆ ಮನೆಮಾತಾದವು. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಅದೇ ‘ರಾಮಾಯಣ’ ಮರುಪ್ರಸಾರವಾಯಿತು. ಆಗ ಮನೆಮನೆಯಲ್ಲಿಯೂ ಟಿ.ವಿ. ಇತ್ತು, ಬಾಗಿಲು ಮುಚ್ಚಿತ್ತು. ಸೋಂಕು ಇಳಿದರೂ ಆ ಬಾಗಿಲುಗಳು ಪೂರ್ತಿ ತೆರೆದಂತೆ ಕಾಣುವುದಿಲ್ಲ. ಇಂದು ಅತ್ತೆ ಟಿ.ವಿ. ಮುಂದೆ, ಸೊಸೆ ಮೊಬೈಲ್ ಮುಂದೆ. ಕಥೆ ಒಂದೇ, ಮಾತಿಲ್ಲ.

ಇದು ಆರೋಗ್ಯದ ಪ್ರಶ್ನೆಯೇ ಹೌದು. ಲೋಕದಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ತಿಳಿಸಿತು. ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಖಿನ್ನತೆಗಳ ಅಪಾಯವನ್ನು ಒಂಟಿತನ ಹೆಚ್ಚಿಸುತ್ತದೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಊರಿನಲ್ಲಿ ಉಳಿದ ಹಿರಿಯರಿಗೆ ಸಂಜೆಯ ಧಾರಾವಾಹಿಯೇ ಸಂಗಾತಿ. ಫೋನಿನಲ್ಲಿ ‘ಊಟ ಆಯ್ತಾ, ಮಾತ್ರೆ ತಗೊಂಡ್ರಾ’ ಎಂದು ಕೇಳುವ ಮಕ್ಕಳು ‘ನಿನ್ನೆ ಕಥೆ ಏನಾಯ್ತವ್ವ’ ಎಂದೂ ಕೇಳಲಿ. ಮಾತು ತಾನೇ ಬೆಳೆಯುತ್ತದೆ.

ಇನ್ನೊಂದು ಪ್ರಯೋಜನವೂ ಉಂಟು. ತನ್ನ ನೋವನ್ನು ನೇರವಾಗಿ ಹೇಳಲಾರದವರು ಪಾತ್ರದ ನೆಪದಲ್ಲಿ ಹೇಳುತ್ತಾರೆ. ‘ಆ ಹುಡುಗೀನ ಹಂಗೆ ನೋಯಿಸಬಾರದಿತ್ತು’ ಎಂದು ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡರೆ ನಗದೆ, ತುಸು ಹೊತ್ತು ಜೊತೆಯಲ್ಲಿ ಕುಳಿತು ಕೇಳಬೇಕು. ಅಳಲು ಆಳವಾಗಿದೆಯೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಆಪ್ತಸಲಹೆ ದೊರೆಯುತ್ತದೆ.

ಹಾಗೆಂದು ಆರರಿಂದ ಹತ್ತರವರೆಗೆ ಕದಲದೆ ಕೂರುವುದನ್ನು ನಾವು ಸಮರ್ಥಿಸುವುದಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯಷ್ಟಾದರೂ ದೇಹಶ್ರಮ ಬೇಕು. ಜಾಹೀರಾತು ಬಂದೊಡನೆ ಎದ್ದು ನಾಲ್ಕು ಹೆಜ್ಜೆ ಹಾಕುವುದು ಲೇಸು. ತಟ್ಟೆ ಹಿಡಿದು ಟಿ.ವಿ. ಮುಂದೆ ಕುಳಿತರೆ ಎಷ್ಟು ಉಂಡೆವೆಂಬ ಅರಿವೇ ಇರುವುದಿಲ್ಲ. ಊಟವನ್ನು ಮೊದಲೇ ಮುಗಿಸಿರಬೇಕು. ಉಂಡ ಬಳಿಕ ಸ್ವಲ್ಪ ನಡೆದಾಡಿದರೆ ರಕ್ತದ ಸಕ್ಕರೆ ಏರುವುದೂ ತಗ್ಗುತ್ತದೆ. ಮಲಗುವ ಹಾಸಿಗೆಗೆ ಮೊಬೈಲ್ ಒಯ್ಯಬಾರದು.

ದಿನಕ್ಕೆ ಒಂದೋ ಎರಡೋ ಧಾರಾವಾಹಿ ಸಾಕು. ಅದನ್ನು ಮನೆಯವರೊಡನೆ ನೋಡೋಣ. ಒಂಟಿಯಾಗಿರುವ ನೆರೆಯವರನ್ನೂ ಕರೆಯೋಣ. ಮುಗಿದ ಮೇಲೆ ಟಿ.ವಿ. ಆರಿಸಿ ಹತ್ತು ನಿಮಿಷ ಜಗಲಿಯ ಮೇಲೆ ಕುಳಿತು ಮಾತನಾಡೋಣ. ನಾಳೆಯ ಕಂತಿಗಿಂತ ಆ ಹತ್ತು ನಿಮಿಷಗಳಿಗಾಗಿ ಕಾಯುವಂತಾದರೆ, ಆ ಮನೆಯ ಆರೋಗ್ಯ ಸುಧಾರಿಸುತ್ತಿದೆ ಎಂದೇ ನಾವು ತಿಳಿಯುತ್ತೇವೆ.