ಕೇಳದೆ ರೋಗಿಯ ಮೈಮುಟ್ಟುವ ರೂಢಿಗೆ ನಮ್ಮ ಖಂಡನೆ

ಬೋಧನಾ ಆಸ್ಪತ್ರೆಗಳಲ್ಲಿ ರೋಗಿಯನ್ನು ಒಂದು ಮಾತೂ ಕೇಳದೆ ವೈದ್ಯಕೀಯ ವಿದ್ಯಾರ್ಥಿಗಳಿಂದ ತಪಾಸಣೆ ಮಾಡಿಸುವ, ಮೊಬೈಲಿನಲ್ಲಿ ಚಿತ್ರ ತೆಗೆಯುವ ರೂಢಿಯನ್ನು ಕಲಬುರಗಿ ಜಿಲ್ಲೆಯ ಅಂದೋಲಾ ಹೋಬಳಿಯ ನಮ್ಮ ಸಂಘವು ತೀವ್ರವಾಗಿ ಖಂಡಿಸುತ್ತದೆ.

ಜೇವರ್ಗಿ, ಅಫಜಲಪುರ, ಆಳಂದ ತಾಲೂಕುಗಳ ಬಡವರಿಗೆ ಕಾಯಿಲೆ ಕೈಮೀರಿದರೆ ಕಲಬುರಗಿ ಇಲ್ಲವೇ ಸೊಲ್ಲಾಪುರದ ದೊಡ್ಡ ದವಾಖಾನೆಗಳೇ ಗತಿ. ಕಲಿಯುವ ಮಕ್ಕಳ ಮೇಲೆ ನಮಗೆ ಸಿಟ್ಟಿಲ್ಲ. ನಾಳೆ ನಮ್ಮ ಹಳ್ಳಿಗಳಿಗೆ ಡಾಕ್ಟರಾಗಿ ಬರಬೇಕಾದವರು ಅವರೇ. ಆದರೆ ಎಷ್ಟೋ ವಾರ್ಡುಗಳಲ್ಲಿ ಬೆಳಗಿನ ರೌಂಡ್ಸ್ ಹೊತ್ತಿಗೆ ಹತ್ತಾರು ಜನ ಮಂಚ ಸುತ್ತುವರಿಯುತ್ತಾರೆ. ಪರದೆ ಎಳೆಯುವವರಿಲ್ಲ. ಸೆರಗು ಸರಿಸಿ, ಒಬ್ಬರಾದ ಮೇಲೊಬ್ಬರು ಹೊಟ್ಟೆ ಒತ್ತಿ ನೋಡುತ್ತಾರೆ. ಮಂಚದ ಮೇಲಿನ ತಾಯಿ ಮುಖ ಗೋಡೆಯ ಕಡೆ ತಿರುಗಿಸಿ ಮಲಗಿರುತ್ತಾಳೆ. ಅಡ್ಮಿಟ್ ಆಗುವಾಗ ಇಂಗ್ಲಿಷ್ ಹಾಳೆಯ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟು ಇದೆಲ್ಲಕ್ಕೂ ಒಪ್ಪಿಗೆ ಎನ್ನುವುದನ್ನು ನಾವು ಒಪ್ಪುವುದಿಲ್ಲ.

ಕಾನೂನೂ ಒಪ್ಪುವುದಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ತಪಾಸಣೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಸಲ್ಲದು, ಅರಿವಳಿಕೆಯಲ್ಲಿದ್ದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯೂ ಸಾಲದು. ಹಾಗಿರುವಾಗ ಚಿಕಿತ್ಸೆಗೆಂದು ಕೊಟ್ಟ ಒಪ್ಪಿಗೆ ಪಾಠಕ್ಕೆ ಹೇಗೆ ಸಲ್ಲುತ್ತದೆ? 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮವೇ ವಿದ್ಯಾರ್ಥಿಗಳಿಗೆ ನೀತಿ, ನಡತೆ, ರೋಗಿಯೊಡನೆ ಮಾತನಾಡುವ ರೀತಿಯನ್ನು ಕಲಿಸಬೇಕೆನ್ನುತ್ತದೆ. ತರಗತಿಯಲ್ಲಿ ಕೇಳಿದ್ದನ್ನು ಗುರುಗಳೇ ವಾರ್ಡಿನಲ್ಲಿ ಮುರಿದರೆ ಹುಡುಗರು ಕಲಿಯುವುದು ಮುರಿಯುವುದನ್ನೇ.

2024ರ ಫೆಬ್ರುವರಿಯಲ್ಲಿ ಗದಗಿನ ಸರ್ಕಾರಿ ವೈದ್ಯಕೀಯ ಸಂಸ್ಥೆಯ 38 ವಿದ್ಯಾರ್ಥಿಗಳು ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದಾಗ, ಅವರ ತರಬೇತಿಯನ್ನು ಹತ್ತು ದಿನ ಮುಂದುವರಿಸಿ ಶಿಕ್ಷೆ ಕೊಡಲಾಯಿತು. ಕ್ಯಾಮೆರಾ ಮುಂದೆ ನಡೆದದ್ದಕ್ಕೆ ಶಿಕ್ಷೆಯಾಯಿತು, ಸರಿ. ಪರದೆಯಿಲ್ಲದ ಮಂಚದ ಮೇಲೆ ದಿನವೂ ನಡೆಯುವುದನ್ನು ಕೇಳುವವರು ಯಾರು?

ನಮ್ಮ ಜಿಲ್ಲೆಗೆ ಈ ನೋವು ಹೊಸದಲ್ಲ. ತಾಂಡಾಗಳ, ದಲಿತ ಕೇರಿಗಳ ನೂರಾರು ಹೆಣ್ಣುಮಕ್ಕಳ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅಗತ್ಯವಿಲ್ಲದೆ ತೆಗೆದ ಆರೋಪ 2015ರಲ್ಲಿ ರಾಜ್ಯದ ಮುಂದೆ ಬಂತು. ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ ಒಪ್ಪಿಸಿದ್ದರೆಂದು ಆ ಹೆಣ್ಣುಮಕ್ಕಳೇ ಹೇಳಿದರು. ಅದು ತರಬೇತಿಯ ಪ್ರಕರಣವಲ್ಲ, ನಿಜ. ಆದರೆ ಬಡವರ ಒಪ್ಪಿಗೆಗೆ ಬೆಲೆಯಿಲ್ಲವೆಂಬ ಧೋರಣೆ ಎರಡರಲ್ಲೂ ಒಂದೇ.

ಆದ್ದರಿಂದ ವೈದ್ಯಕೀಯ ಶಿಕ್ಷಣ ಇಲಾಖೆಯನ್ನು ನಾವು ಆಗ್ರಹಿಸುತ್ತೇವೆ: ವಿದ್ಯಾರ್ಥಿಯನ್ನು ವಿದ್ಯಾರ್ಥಿಯೆಂದೇ ಪರಿಚಯಿಸಿ, ಕನ್ನಡದಲ್ಲೋ ಉರ್ದುವಿನಲ್ಲೋ ಲಂಬಾಣಿಯಲ್ಲೋ ರೋಗಿಗೆ ತಿಳಿಯುವಂತೆ ಒಪ್ಪಿಗೆ ಕೇಳಬೇಕು. ಅರಿವಳಿಕೆ ಕೊಟ್ಟ ಹೆಣ್ಣುಮಕ್ಕಳ ಒಳತಪಾಸಣೆಯನ್ನು ಕಲಿಕೆಗಾಗಿ ಮಾಡುವುದಿದ್ದರೆ ಮೊದಲೇ ಪ್ರತ್ಯೇಕ ಲಿಖಿತ ಒಪ್ಪಿಗೆ ಪಡೆಯಲೇಬೇಕು. ಬೇಡವೆಂದವರ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಕೂಡದು.

ಹೋಬಳಿಯ ಬಂಧುಗಳಲ್ಲಿ ಒಂದು ವಿನಂತಿ: ಮಂಚದ ಬಳಿ ಬಂದವರನ್ನು ನೀವು ಯಾರು, ಏನು ಮಾಡುತ್ತೀರಿ ಎಂದು ಕೇಳಿ. ಮನಸ್ಸಿಲ್ಲದಿದ್ದರೆ ಬೇಡವೆನ್ನಿ. ಯಾರಾದರೂ ಗದರಿದರೆ ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆದು ಕೊಡಿ; ಅರ್ಜಿ ಬರೆಯಲು ನಮ್ಮ ಸಂಘ ನಿಮ್ಮ ಜೊತೆಗಿದೆ.