ಹಲಗೆ ಬದಲಾದರೆ ಸಾಲದು

ನಮ್ಮ ಮಠಗಳ ಪ್ರಾಥಮಿಕ ಶಾಲೆಗಳಿಗೂ ಸ್ಮಾರ್ಟ್ ಬೋರ್ಡ್ ಬರುತ್ತಿದೆ. ಭಕ್ತರು ಕೊಡುತ್ತಾರೆ, ಪೂಜ್ಯರು ಉದ್ಘಾಟಿಸುತ್ತಾರೆ, ಹಲಗೆಯ ಅಂಚಿನಲ್ಲಿ ದಾನಿಗಳ ಹೆಸರು ಮೂಡುತ್ತದೆ. ಸಂತೋಷದ ಸಂಗತಿಯೇ. ಆದರೆ ಈಚೆಗೆ ಅಂಥದೊಂದು ತರಗತಿಯಲ್ಲಿ ಕುಳಿತು ಪಾಠ ಕೇಳಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ನಲವತ್ತು ನಿಮಿಷ ಪರದೆಯ ಮೇಲೆ ವಿಡಿಯೊ ಓಡಿತು, ಮಕ್ಕಳು ಕೈಕಟ್ಟಿ ನೋಡಿದರು, ಗಂಟೆ ಬಾರಿಸಿತು. ಮುಟ್ಟಿದರೆ ಉತ್ತರಿಸುವ ಆ ಹಲಗೆಯನ್ನು ಒಂದು ಮಗುವೂ ಮುಟ್ಟಲಿಲ್ಲ. ಕೆಟ್ಟುಹೋದರೆ ಯಾರು ಹೊಣೆ ಎಂಬುದು ಶಿಕ್ಷಕಿಯ ಭಯ. ಅದು ಸುಳ್ಳು ಭಯವಲ್ಲ. ಹಲಗೆ ಹಾಕಿದ ದಿನ ಒಂದು ಗಂಟೆ ತೋರಿಸಿ ಹೋದವರು ಮತ್ತೆ ಬಂದಿರಲಿಲ್ಲ.

ಕೈಕಟ್ಟಿ ಕುಳಿತು ಅರಿವು ಪಡೆಯುವುದು ಶರಣರ ದಾರಿಯಲ್ಲ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಶೂನ್ಯಪೀಠದಲ್ಲಿದ್ದರೂ ಮಾತು ಒಬ್ಬರದೇ ಆಗಿರಲಿಲ್ಲ. ಪ್ರಭುಗಳು ಪ್ರಶ್ನಿಸಿದರೆ ಅಕ್ಕಮಹಾದೇವಿ ಎದುರು ನಿಂತು ಉತ್ತರಿಸಿದರು. ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನವರನ್ನು ತಿದ್ದಿದವರು ಅವರ ಮಡದಿ ಲಕ್ಕಮ್ಮನವರು. ಕೇಳುವ, ತಪ್ಪುವ, ತಿದ್ದಿಕೊಳ್ಳುವ ಅವಕಾಶ ಇದ್ದಲ್ಲಿ ಮಾತ್ರ ಅರಿವು ಬೆಳೆಯುತ್ತದೆ.

ಯಂತ್ರದಿಂದ ಇದು ಸಾಧ್ಯವೇ? ಖಂಡಿತ ಸಾಧ್ಯ. ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ ಎಂದು ಕೇಳಿ ನೋಡಿ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂದು ಎಷ್ಟೋ ಮಕ್ಕಳು ಎಡವುತ್ತಾರೆ. ಮಗುವೇ ಎದ್ದು ಬಂದು ಪರದೆಯ ಮೇಲಿನ ರೊಟ್ಟಿಯನ್ನು ಬೆರಳಿನಿಂದ ಮೂರಾಗಿ, ನಾಲ್ಕಾಗಿ ಹೋಳು ಮಾಡಿ ಒಂದರ ಪಕ್ಕ ಒಂದಿಟ್ಟು ನೋಡಿದರೆ ತಪ್ಪು ತಾನಾಗಿಯೇ ತಿಳಿಯುತ್ತದೆ. ಬೈಗುಳವಿಲ್ಲ, ಅವಮಾನವಿಲ್ಲ. ಇದಕ್ಕೆ ದುಬಾರಿ ಹಲಗೆಯೇ ಬೇಕೆಂದೂ ಇಲ್ಲ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ 'ಫೆಟ್' ಕಲಿಕಾ ಮಾದರಿಗಳು ಉಚಿತ, ಹಲವು ಕನ್ನಡದಲ್ಲೂ ಇವೆ. ನಮ್ಮ ಪಠ್ಯಪುಸ್ತಕಗಳಲ್ಲಿರುವ ಕ್ಯೂಆರ್ ಕೋಡ್ 'ದೀಕ್ಷಾ' ಪಾಠಗಳಿಗೆ ದಾರಿ ತೋರುತ್ತದೆ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇದ್ದರೆ ಕೆಲಸ ಶುರುವಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಪದ್ಧತಿ ಬರೀ ಕಾರ್ಡುಗಳಿಂದಲೇ ಮಕ್ಕಳ ಕೈಗೆ ಕಲಿಕೆಯನ್ನು ಕೊಟ್ಟದ್ದನ್ನೂ ಮರೆಯಬಾರದು. ಯಂತ್ರ ಗುರುವಿಗೆ ನೆರವಾಗಬೇಕೇ ಹೊರತು ಗುರುವಿನ ಜಾಗಕ್ಕೆ ಬರಬಾರದು. ಯುನೆಸ್ಕೊದ 2023ರ ಶಿಕ್ಷಣ ವರದಿಯ ಎಚ್ಚರಿಕೆಯೂ ಇದೇ.

ಇನ್ನೊಂದು ಮಾತನ್ನು ನಮ್ಮವರಿಗೇ ಹೇಳಬೇಕಿದೆ. ಹೊಸ ಹಲಗೆ ಮೊದಲು ಹೋಗುವುದು ಎಲ್ಲಿಗೆ? ಬಹಳ ಕಡೆ ಶುಲ್ಕ ಬರುವ ಇಂಗ್ಲಿಷ್ ಮಾಧ್ಯಮದ ಶಾಲೆಗೆ. ಅದೇ ಆವರಣದ ಕನ್ನಡ ಶಾಲೆಯ ಮಕ್ಕಳು ಕಿಟಕಿಯಿಂದ ಇಣುಕುತ್ತಾರೆ. ಅರಿವನ್ನು ಜನರ ನುಡಿಯಲ್ಲಿ ಹಂಚಿದ ಶರಣರ ಹೆಸರು ಹೇಳುವ ನಮಗೆ ಇದು ಶೋಭೆಯಲ್ಲ. ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮೀಜಿಯವರು ಅನ್ನ, ಅಕ್ಷರ, ಆಶ್ರಯಗಳ ದಾಸೋಹ ನಡೆಸಿದಾಗ ಮೊದಲ ಪಂಕ್ತಿಯಲ್ಲಿ ಕುಳಿತದ್ದು ಬಡವರ ಮಕ್ಕಳು. ಪಂಕ್ತಿಭೇದ ಪ್ರಸಾದದಲ್ಲಿ ಸಲ್ಲದು ಎನ್ನುವವರು ಪಾಠದಲ್ಲಿ ಅದನ್ನು ಒಪ್ಪುವುದು ಹೇಗೆ?

ಆದ್ದರಿಂದ ಪೂಜ್ಯರಲ್ಲಿ, ಆಡಳಿತ ಮಂಡಳಿಗಳಲ್ಲಿ, ದಾನಿಗಳಲ್ಲಿ ನಮ್ಮದು ಮೂರು ಬಿನ್ನಹ. ಮೊದಲ ಹಲಗೆ ಕನ್ನಡ ಶಾಲೆಗೆ ಹೋಗಲಿ. ಹಲಗೆಗೆ ಕೊಡುವ ಹಣದಲ್ಲಿ ಒಂದು ಪಾಲು ಶಿಕ್ಷಕರ ತರಬೇತಿಗೆ, ಇನ್ನೊಂದು ಪಾಲು ದುರಸ್ತಿಗೆ ಮೀಸಲಿರಲಿ. ಕೆಟ್ಟರೆ ಶಿಕ್ಷಕರ ಮೇಲೆ ಹೊಣೆ ಹೊರಿಸುವುದಿಲ್ಲವೆಂದು ಮಂಡಳಿ ಬರೆದುಕೊಡಲಿ. ದಾನಿಗಳು ಮುಂದಿನ ಸಲ ಶಾಲೆಗೆ ಬಂದಾಗ ತಮ್ಮ ಹೆಸರು ಎಲ್ಲಿದೆ ಎಂದು ನೋಡುವ ಬದಲು, ಇಂದು ಎಷ್ಟು ಮಕ್ಕಳು ಹಲಗೆ ಮುಟ್ಟಿದರು ಎಂದು ಕೇಳಲಿ. ಆ ಪರದೆಯ ಮೇಲೆ ಪುಟ್ಟ ಬೆರಳುಗಳ ಗುರುತು ತುಂಬಿದ್ದರೆ ದಾಸೋಹ ಸಂದಿತೆಂದು ತಿಳಿಯೋಣ.